ಘಟ್ಟದಲ್ಲಿ ಬಿಸಿಯಾಗುವ ಕಾರು, ಕೈಯಲ್ಲಿ 61,300 ರೂಪಾಯಿಯ ಅಂದಾಜುಪಟ್ಟಿ: ಸಲಹೆ ಬೇಕಾಗಿದೆ

ಆಲ್ದೂರು_ಮೇಷ್ಟ್ರು ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಸಮೀಪ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ನನ್ನ ಬಳಿ 2015ರ ಮಾದರಿಯ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರಿದೆ. ಇದುವರೆಗೆ 84,000 ಕಿಲೋಮೀಟರ್ ಓಡಿದೆ. ಬ್ಯಾಟರಿ, ಟೈರು ಬಿಟ್ಟರೆ ದೊಡ್ಡ ಖರ್ಚನ್ನೇನೂ ಅದು ತಂದಿರಲಿಲ್ಲ.

ಕಳೆದ ತಿಂಗಳು ಕುಟುಂಬದೊಂದಿಗೆ ಧರ್ಮಸ್ಥಳಕ್ಕೆ ಹೋಗಿ ಹಿಂದಿರುಗುವಾಗ, ಚಾರ್ಮಾಡಿ ಘಾಟಿಯನ್ನು ಅರ್ಧ ಹತ್ತಿರಬಹುದು, ಉಷ್ಣತೆಯ ಮುಳ್ಳು ಮೇಲೇರತೊಡಗಿತು. ಮುಂದೆ ಸಾರಿಗೆ ಸಂಸ್ಥೆಯ ಬಸ್ಸೊಂದು ಹೋಗುತ್ತಿದ್ದುದರಿಂದ ತಿರುವಿನಿಂದ ತಿರುವಿಗೆ ಎರಡನೆಯ ಗೇರಿನಲ್ಲಿ, ಕೆಲವೆಡೆ ಮೊದಲನೆಯದರಲ್ಲೇ ಅದರ ಬೆನ್ನಿಗೆ ತೆವಳುತ್ತಿದ್ದೆವು. ಮುಳ್ಳು ಕೆಂಪು ಗೆರೆ ಮುಟ್ಟಿದ್ದನ್ನು ಕಂಡ ಕೂಡಲೇ ಅಗಲವಾದ ಒಂದು ಜಾಗ ನೋಡಿ ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಕೂಲೆಂಟಿನ (ಎಂಜಿನ್ ತಣಿಸುವ ದ್ರವದ) ಪ್ಲಾಸ್ಟಿಕ್ ಡಬ್ಬಿಯೊಳಗೆ ಗುಳುಗುಳು ಎಂದು ಕುದಿಯುವ ಸದ್ದು. ನಲವತ್ತು ನಿಮಿಷ ಕಾದು, ಪೂರ್ತಿ ತಣಿದ ಮೇಲೆ ಕುಡಿಯಲು ಇಟ್ಟುಕೊಂಡಿದ್ದ ಎರಡು ಬಾಟಲಿ ನೀರನ್ನು ಅದಕ್ಕೆ ಸುರಿದು ನಿಧಾನವಾಗಿ ಹತ್ತಿಸಿದೆ. ಸೋಜಿಗವೆಂದರೆ, ಕೊಟ್ಟಿಗೆಹಾರ ದಾಟಿ ಮೂಡಿಗೆರೆಯ ಕಡೆಗೆ ಐವತ್ತು, ಅರವತ್ತರ ವೇಗದಲ್ಲಿ ಹೋಗುವಾಗ ಮುಳ್ಳು ತಾನಾಗಿಯೇ ನಡುಮಟ್ಟಕ್ಕೆ ಇಳಿದು ಮನೆಯವರೆಗೂ ಅಲ್ಲಿಯೇ ನಿಂತಿತು.

ಮರುದಿನ ಚಿಕ್ಕಮಗಳೂರಿನ ಒಂದು ಸರ್ವಿಸ್ ಸೆಂಟರಿಗೆ ಒಯ್ದೆ. ಅರ್ಧ ಗಂಟೆ ನೋಡಿ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಭಾಗಕ್ಕೂ ನಡುವೆ ಸೋರದಂತೆ ಕೂರಿಸುವ ಹಾಳೆ) ಹೋಗಿದೆ ಎಂದರು. ಅದಕ್ಕೆ ಅವರು ಕೊಟ್ಟ ಆಧಾರಗಳು ಎರಡು: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ (ಇದನ್ನು ನಾನೇ ಅವರಿಗೆ ಹೇಳಿದ್ದೆ), ಮತ್ತು ಎಂಜಿನ್ ಆಯಿಲ್ ಸುರಿಯುವ ಮುಚ್ಚಳದ ಒಳಬದಿಯಲ್ಲಿ ಬೆಣ್ಣೆಯಂಥ ಲೇಪ ಹಿಡಿದಿದೆ. ಆ ಬಳಿಕ ಅವರು ಕೊಟ್ಟ ಅಂದಾಜುಪಟ್ಟಿ ಹೀಗಿದೆ: ಹೆಡ್ ಗ್ಯಾಸ್ಕೆಟ್ ಬದಲಾವಣೆ ಮತ್ತು ಹೆಡ್ ಫೇಸಿಂಗ್ (ಹೆಡ್ಡಿನ ತಳವನ್ನು ಸಮತಟ್ಟು ಮಾಡುವುದು), ಕೂಲಿ ಸೇರಿ 27,500, ಹೊಸ ರೇಡಿಯೇಟರ್ 8,600, ಕ್ಲಚ್ ಸೆಟ್, ಕೂಲಿ ಸೇರಿ 13,900, ಎರಡೂ ಬದಿಯ ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) 6,800, ಬ್ಯಾಟರಿ 4,500. ಒಟ್ಟು 61,300 ರೂಪಾಯಿ. ಕಾರನ್ನು ಮಾರಿದರೆ ಎರಡು ಲಕ್ಷ ಬಂದರೆ ಹೆಚ್ಚು.

ಇಷ್ಟು ಹಣ ಹಾಕಬೇಕೇ, ಹಾಕುವುದಾದರೆ ಯಾವುದಕ್ಕೆ ಮೊದಲು ಹಾಕಬೇಕು ಎಂದು ತಿಳಿದವರು ಹೇಳಬೇಕಾಗಿ ವಿನಂತಿ. ಇನ್ನೊಂದು ವಿಷಯ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲದಿರಬಹುದು: ಆ ದಿನ ಉಜಿರೆಯ ಸೆಕೆಯಲ್ಲಿ ವಾಹನಗಳ ಸಾಲಿನಲ್ಲಿ ನಿಂತಾಗ ಎ.ಸಿ.ಯಿಂದ ಬಿಸಿ ಗಾಳಿ ಬರುತ್ತಿತ್ತು, ಕಾರು ಓಡತೊಡಗಿದರೆ ಮತ್ತೆ ತಣ್ಣಗಾಗುತ್ತಿತ್ತು. ಅದಕ್ಕೂ ಗ್ಯಾಸ್ ತುಂಬಿಸಬೇಕಂತೆ, ಆ ಲೆಕ್ಕ ಇನ್ನೂ ಬಂದಿಲ್ಲ.

ಹಳೇಸ್ಪ್ಯಾನರ್_ಹಾಸನ ಉತ್ತರಿಸಿದ್ದಾರೆ:

ಮೇಷ್ಟ್ರೇ, ನಮಸ್ಕಾರ. ಹಾಸನದಲ್ಲಿ ಮೂವತ್ತೊಂದು ವರ್ಷ ಗ್ಯಾರೇಜ್ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟು ಕುಳಿತಿದ್ದೇನೆ. ಸಂಬಂಧ ಇಲ್ಲವೇನೋ ಎಂದು ಕೊನೆಯಲ್ಲಿ ಬರೆದಿರಲ್ಲ, ಆ ಎ.ಸಿ.ಯ ಮಾತನ್ನು ನಾನು ಎಲ್ಲಕ್ಕಿಂತ ಮೊದಲು ಹಿಡಿದುಕೊಳ್ಳುತ್ತೇನೆ. ನಿಂತಾಗ ಎ.ಸಿ. ತಣ್ಣಗಾಗುವುದಿಲ್ಲ, ಓಡಿದಾಗ ಆಗುತ್ತದೆ. ಘಾಟಿಯಲ್ಲಿ ತೆವಳುವಾಗ ಎಂಜಿನ್ ಬಿಸಿಯಾಗುತ್ತದೆ, ಬಯಲಿನಲ್ಲಿ ಅರವತ್ತರಲ್ಲಿ ಹೋದರೆ ತಣಿಯುತ್ತದೆ. ಎರಡಕ್ಕೂ ಬೇಕಾಗಿರುವುದು ಒಂದೇ, ಗಾಳಿ. ಎ.ಸಿ.ಯ ಕಂಡೆನ್ಸರ್ ಮತ್ತು ಎಂಜಿನ್ನಿನ ರೇಡಿಯೇಟರ್ ಕಾರಿನ ಮೂತಿಯಲ್ಲಿ ಒಂದರ ಹಿಂದೆ ಒಂದು ನಿಂತಿರುತ್ತವೆ. ಕಾರು ಓಡುವಾಗ ಎದುರುಗಾಳಿ ಎರಡನ್ನೂ ತಣಿಸುತ್ತದೆ. ನಿಂತಾಗ ಅಥವಾ ತೆವಳುವಾಗ ಆ ಕೆಲಸವನ್ನು ಹಿಂದಿರುವ ವಿದ್ಯುತ್ ಫ್ಯಾನ್ ಮಾಡಬೇಕು. ಆ ಫ್ಯಾನ್ ತಿರುಗುತ್ತಿಲ್ಲ ಎಂಬುದು ನನ್ನ ಬಲವಾದ ಅನುಮಾನ.

ಇದನ್ನು ನೋಡಲು ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ. ಕಾರನ್ನು ಸಮತಟ್ಟು ಜಾಗದಲ್ಲಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡಿ ಎ.ಸಿ.ಯನ್ನು ಪೂರ್ಣ ತಂಪಿಗೆ ಹಾಕಿ. ತಮ್ಮಂಥ ಕಾರುಗಳಲ್ಲಿ ಎ.ಸಿ. ಹಾಕಿದ ಒಂದೆರಡು ನಿಮಿಷದೊಳಗೆ ಫ್ಯಾನ್ ತಿರುಗಲೇಬೇಕು. ಬಾನೆಟ್ ಎತ್ತಿ ನೋಡಿ, ಕೈಯನ್ನು ಮಾತ್ರ ಅದರ ಹತ್ತಿರ ಒಯ್ಯಬೇಡಿ, ಏಕೆಂದರೆ ಅದು ಹೇಳಿ ಕೇಳಿ ತಿರುಗುವುದಿಲ್ಲ. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ವೈರು ಮತ್ತು ಕನೆಕ್ಟರ್, ಕೊನೆಗೆ ಫ್ಯಾನ್ ಮೋಟಾರು, ಈ ಅನುಕ್ರಮದಲ್ಲಿ ಹುಡುಕಿಸಿ. ಅಗ್ಗದ್ದರಿಂದ ದುಬಾರಿಯದರ ಕಡೆಗೆ ಹೋಗುವ ದಾರಿ ಇದು. ಕೆಲವು ಗ್ಯಾರೇಜುಗಳಲ್ಲಿ ಇದನ್ನು ತಿರುಗಿಸಿ ನಡೆಯುತ್ತಾರೆ.

ಇನ್ನು ಅವರು ಕೊಟ್ಟ ಎರಡು ಆಧಾರಗಳು. ಆಲ್ದೂರಿನ ಡಿಸೆಂಬರ್ ಮುಂಜಾವಿನಲ್ಲಿ ಬಿಳಿ ಹೊಗೆ ಬಿಡದ ಪೆಟ್ರೋಲ್ ಕಾರನ್ನು ನಾನು ಕಂಡಿಲ್ಲ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ, ತಣ್ಣಗಿರುವ ಸೈಲೆನ್ಸರಿನಲ್ಲಿ ಅದು ಹನಿಗಟ್ಟಿ ಬೆಳ್ಳಗೆ ಕಾಣುತ್ತದೆ. ಎಂಜಿನ್ ಕಾದ ಮೇಲೆ ಅದು ಮಾಯವಾದರೆ ಚಿಂತೆಗೆ ಕಾರಣವಿಲ್ಲ. ಕಾದ ಮೇಲೂ ದಟ್ಟವಾಗಿ ಬರುತ್ತಿದ್ದು, ಸಿಹಿ ವಾಸನೆ ಇದ್ದು, ಡಬ್ಬಿಯ ಕೂಲೆಂಟ್ ದಿನದಿನಕ್ಕೂ ಇಳಿಯುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಬೇಕು. ಮುಚ್ಚಳದ ಬೆಣ್ಣೆಯೂ ಹಾಗೆಯೇ. ಮನೆಯಿಂದ ಶಾಲೆಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸುವವರ ಕಾರಿನಲ್ಲಿ, ಚಳಿಗಾಲದಲ್ಲಿ, ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಒಳಗಿನ ತೇವ ಮುಚ್ಚಳಕ್ಕೆ ಬಂದು ಆಯಿಲ್ ಜೊತೆ ಕಲಸಿಕೊಳ್ಳುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ. ಅದರ ತುದಿಯಲ್ಲಿರುವ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಕೆಳಗಿಳಿದು ಆಯಿಲಿಗೆ ಸೇರಿದೆ ಎಂದರ್ಥ, ಎಂಜಿನ್ ಚಾಲೂ ಮಾಡಲೇಬೇಡಿ. ಕಪ್ಪು ಕಾಫಿಯಂತಿದ್ದರೆ ನೆಮ್ಮದಿಯಾಗಿರಿ.

ಆದರೂ ಮುಳ್ಳು ಕೆಂಪು ಮುಟ್ಟಿದೆಯಾದ್ದರಿಂದ ಗ್ಯಾಸ್ಕೆಟ್ಟನ್ನು ಪರೀಕ್ಷಿಸದೆ ಬಿಡುವಂತಿಲ್ಲ. ರೇಡಿಯೇಟರಿನ ಬಾಯಿಗೆ ಗಾಜಿನ ನಳಿಗೆ ಇಟ್ಟು, ನೀಲಿ ದ್ರವದ ಮೂಲಕ ಒಳಗಿನ ಗಾಳಿಯನ್ನು ಎಳೆಯುವ ಒಂದು ಪರೀಕ್ಷೆ ಇದೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ಆ ನೀಲಿ ಹಳದಿಗೆ ತಿರುಗುತ್ತದೆ. ಜೊತೆಗೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಒಳಗೆ ಏರುವ ಒತ್ತಡ) ನೋಡಿಸಿ. ಒಂದು ಗಂಟೆಯೊಳಗೆ ಮುಗಿಯುವ ಕೆಲಸ ಇದು. ಇದನ್ನು ಮಾಡದೆ ಹೆಡ್ ಬಿಚ್ಚಬೇಕು ಎನ್ನುವವರ ಕೈಗೆ ನಾನಂತೂ ಸ್ಪ್ಯಾನರ್ ಕೊಡುವುದಿಲ್ಲ.

ರೇಡಿಯೇಟರಿನ ಮುಚ್ಚಳವನ್ನೂ ಮರೆಯಬೇಡಿ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಚಿಕ್ಕಮಗಳೂರಿನ ಎತ್ತರದಲ್ಲಿ ಸುಮಾರು 96ಕ್ಕೇ ಕುದಿಯುತ್ತದೆ. ಕೂಲಿಂಗ್ ವ್ಯವಸ್ಥೆಯಲ್ಲಿ ಅದು ಕುದಿಯದಂತೆ ತಡೆದಿರುವುದು ಎರಡು: ಕೂಲೆಂಟಿನಲ್ಲಿರುವ ಗ್ಲೈಕಾಲ್, ಮತ್ತು ಒತ್ತಡವನ್ನು ಒಳಗೆ ಹಿಡಿದಿಡುವ ಆ ಮುಚ್ಚಳದ ಸ್ಪ್ರಿಂಗು, ರಬ್ಬರು. ರಬ್ಬರು ಸೆಟೆದುಕೊಂಡರೆ ಒತ್ತಡ ನಿಲ್ಲುವುದಿಲ್ಲ, ಇರಬೇಕಾದುದಕ್ಕಿಂತ ಮೊದಲೇ ಕುದಿ ಬರುತ್ತದೆ. ತಾವು ಎರಡು ಬಾಟಲಿ ನೀರು ಸುರಿದದ್ದು ಆಪತ್ಕಾಲಕ್ಕೆ ಸರಿಯೇ, ಆದರೆ ಕೂಲೆಂಟ್ ಈಗ ತೆಳುವಾಗಿದೆ. ಪೂರ್ತಿ ಖಾಲಿ ಮಾಡಿಸಿ ಹೊಸದನ್ನು ತುಂಬಿಸಿ. ತಣಿಯುವವರೆಗೆ ಕಾದಿರಲ್ಲ, ಅದೊಂದು ಬುದ್ಧಿವಂತಿಕೆಯೇ ತಮ್ಮ ಹೆಡ್ಡನ್ನು ಉಳಿಸಿರಬಹುದು. ಕುದಿಯುವ ಎಂಜಿನ್ನಿಗೆ ಹಳ್ಳದ ತಣ್ಣೀರು ಎರಚಿ ಹೆಡ್ ಸೊಟ್ಟ ಮಾಡಿಕೊಂಡು ಬಂದವರನ್ನು ಶಿರಾಡಿ ದಾರಿಯಿಂದ ಎಷ್ಟು ಬಾರಿ ಎಳೆದು ತಂದಿದ್ದೇನೋ ಲೆಕ್ಕವಿಲ್ಲ.

ಮಾಜಿ_ಅಡ್ವೈಸರ್ ಉತ್ತರಿಸಿದ್ದಾರೆ:

ಹಿರಿಯರು ಹೇಳಿದ ಪರೀಕ್ಷೆಗಳ ಬಗ್ಗೆ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಸರ್ವಿಸ್ ಸೆಂಟರಿನವರೆಲ್ಲ ಮೋಸಗಾರರು ಎಂಬ ತೀರ್ಮಾನಕ್ಕೆ ಬರುವ ಮೊದಲು ಆ ಕೌಂಟರಿನ ಹಿಂದೆ ಏನು ನಡೆಯುತ್ತದೆ ಎಂಬುದನ್ನೂ ಕೇಳಿ. ನಾನು ಏಳು ವರ್ಷ ಅಂಥದೇ ಒಂದು ಕಡೆ ಸರ್ವಿಸ್ ಅಡ್ವೈಸರ್ ಆಗಿದ್ದೆ. ಇಂದು ಫ್ಯಾನ್ ಸರಿಮಾಡಿ ಕಳುಹಿಸಿ, ನಾಳೆ ಅದೇ ಕಾರು ಘಾಟಿಯಲ್ಲಿ ನಿಂತರೆ, ಮಾಲೀಕರು ಬಂದು ಮೇಜು ಗುದ್ದುವುದು ನಮ್ಮ ಮುಂದೆ. ಹಾಗಾಗಿ ಕೆಟ್ಟಿರಬಹುದಾದ ಎಲ್ಲವನ್ನೂ ಪಟ್ಟಿಗೆ ಸೇರಿಸುವ ಅಭ್ಯಾಸ ಬೆಳೆಯುತ್ತದೆ. ತಿಂಗಳಿಗೆ ಇಷ್ಟು ಬಿಡಿಭಾಗ ಮಾರಬೇಕೆಂಬ ಗುರಿ ಇದ್ದದ್ದೂ ನಿಜ, ಅದನ್ನು ಮುಚ್ಚಿಡುವುದಿಲ್ಲ.

ತಾವು ಮಾಡಬೇಕಾದದ್ದು ಇಷ್ಟು. ಪಟ್ಟಿಯ ಪ್ರತಿ ಸಾಲಿನ ಎದುರು, ಇದು ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು ಎಂದು ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ಅಲ್ಲಿಯೇ ಪೆನ್ನಿನಲ್ಲಿ ಬರೆಸಿಕೊಳ್ಳಿ. ಬ್ಯಾಟರಿಗೆ ಉತ್ತರ ವೋಲ್ಟ್ ಲೆಕ್ಕದಲ್ಲಿ ಬರಬೇಕು: ರಾತ್ರಿಯಿಡೀ ನಿಂತ ಕಾರಿನಲ್ಲಿ 12.6ರ ಆಸುಪಾಸು ಇದ್ದರೆ ಅದು ತುಂಬಿದೆ, 12.2ಕ್ಕೆ ಇಳಿದರೆ ಅರ್ಧ ಖಾಲಿ, ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ತೋರಿಸಿದರೆ ಆಲ್ಟರ್ನೇಟರ್ ಚೆನ್ನಾಗಿದೆ. ಲೋವರ್ ಆರ್ಮ್‌ಗೆ ಉತ್ತರ ಕಣ್ಣಿಗೆ ಕಾಣಬೇಕು: ಕಾರನ್ನು ಎತ್ತಿಸಿ, ಅದರ ಕೀಲಿನ ರಬ್ಬರು, ಅಂದರೆ ಬುಷ್, ಹರಿದಿದ್ದರೆ ಟಾರ್ಚ್ ಬಿಟ್ಟು ತೋರಿಸಲಿ. ಎರಡೂ ಬದಿ ಒಂದೇ ದಿನ ಹರಿಯುವುದು ಅಪರೂಪ. ರೇಡಿಯೇಟರ್ ಬದಲಿಸಬೇಕಾದರೆ ಅದು ಎಲ್ಲಿ ಸೋರುತ್ತಿದೆ ಎಂದು ಕೈಯಿಟ್ಟು ತೋರಿಸಬೇಕು. ಸೋರದ ರೇಡಿಯೇಟರನ್ನು ಮುನ್ನೆಚ್ಚರಿಕೆಗೆಂದು ಬದಲಿಸುವುದು ಹೊಸ ಚಪ್ಪಲಿ ಕೊಳ್ಳಲು ಕಾಲು ನೋವೆಂದ ಹಾಗೆ.

ದೋಣಿಗಾಲು_ತಿರುವು ಉತ್ತರಿಸಿದ್ದಾರೆ:

ಕ್ಲಚ್ ವಿಷಯದಲ್ಲಿ ಮಾತ್ರ ಅವರು ಹೇಳಿದ್ದು ಸರಿಯಿರಬಹುದು ಎಂದು ನನಗೆ ತೋರುತ್ತದೆ. ನಮ್ಮ ಸಕಲೇಶಪುರದ ಕಡೆ 84,000 ಕಿಲೋಮೀಟರ್ ಬಾಳಿದ ಕ್ಲಚ್ಚಿಗೆ ಆರತಿ ಎತ್ತುತ್ತೇವೆ. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಬಳಸದೆ ಅರ್ಧ ಕ್ಲಚ್ಚಿನಲ್ಲಿ ಕಾರನ್ನು ತೂಗಿಸಿ ಹಿಡಿಯುವ ಅಭ್ಯಾಸ ಮಲೆನಾಡಿನ ಅರ್ಧ ಜನಕ್ಕಿದೆ, ನನಗೂ ಇತ್ತು. ಪರೀಕ್ಷೆ ಸುಲಭ: ಖಾಲಿ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ನಲವತ್ತರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಎಂಜಿನ್ನಿನ ಸದ್ದು ಜಿಗಿದು, ವೇಗ ಮಾತ್ರ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬದಲಿಸುವುದಾದರೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಏಕೆಂದರೆ ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು; ನಾಲ್ಕು ನೂರು ಉಳಿಸಲು ಹಳೆಯ ಬೇರಿಂಗ್ ಬಿಟ್ಟು ಆರು ತಿಂಗಳಿಗೆ ಮತ್ತೆ ಗೇರ್‌ಬಾಕ್ಸ್ ಇಳಿಸಿದ ಅನುಭವ ನನ್ನದೇ.

ಪಟ್ಟಿಯಲ್ಲಿ ಇಲ್ಲದ ಒಂದನ್ನು ನಾನು ಸೇರಿಸುತ್ತೇನೆ, ಅದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದ್ದರೆ, ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಚಾರ್ಮಾಡಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಅಷ್ಟು ಬಿಸಿ ಏರುವುದು ಕಷ್ಟವೇನಲ್ಲ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಕೂತು ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಹತ್ತು ವರ್ಷದಿಂದ ಬದಲಿಸಿಲ್ಲವೆಂದರೆ ಇದೇ ವಾರ ಬದಲಿಸಿ.

ರಸೀದಿ_ಪ್ರಿಯ ಉತ್ತರಿಸಿದ್ದಾರೆ:

ಲೆಕ್ಕದ ಕಡೆಯಿಂದ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ. ಹಿಂದೆ ಹಲವು ಭಾಗಗಳಿಗೆ 28 ಇತ್ತು. ಆದ್ದರಿಂದ ಹಳೆಯ ದರಪಟ್ಟಿಯ ಮೇಲೆ ಅಂದಾಜು ಬರೆದಿದ್ದಾರೆಯೇ ಎಂದು ನೋಡಿಕೊಳ್ಳಿ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ, ಮೊದಲೇ ಹೇಳಿಟ್ಟಿದ್ದರೆ ಯಾರೂ ಇಲ್ಲವೆನ್ನುವುದಿಲ್ಲ. ಸವೆತಕ್ಕೂ ಯಾಂತ್ರಿಕ ವೈಫಲ್ಯಕ್ಕೂ ಸಾಮಾನ್ಯ ವಿಮೆಯಲ್ಲಿ ಹಣ ಬರುವುದಿಲ್ಲ, ಆ ದಾರಿ ಹುಡುಕಿ ಸಮಯ ಕಳೆಯಬೇಡಿ. ಇಲ್ಲದ ದೋಷಕ್ಕೆ ಹಣ ಕಿತ್ತುಕೊಂಡರೆಂದು ದಾಖಲೆಸಹಿತ ತೋರಿಸಬಲ್ಲಿರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು; ಜಿಲ್ಲಾ ಗ್ರಾಹಕ ಆಯೋಗಕ್ಕೂ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ತಾವಿನ್ನೂ ಹಣ ಕೊಟ್ಟಿಲ್ಲವಾದ್ದರಿಂದ ಅಷ್ಟು ದೂರ ಹೋಗುವ ಪ್ರಸಂಗ ಬಂದಿಲ್ಲ.

ಆಲ್ದೂರು_ಮೇಷ್ಟ್ರು ಮತ್ತೆ ಬರೆದಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರದ ನಂತರ ಫಲಿತಾಂಶ ತಿಳಿಸುತ್ತಿದ್ದೇನೆ. ಅಂದು ಸಂಜೆಯೇ ಅಂಗಳದಲ್ಲಿ ಕಾರನ್ನು ಚಾಲೂ ಮಾಡಿ, ಎ.ಸಿ. ಹಾಕಿ, ಮಗನನ್ನು ಒಳಗೆ ಕೂರಿಸಿ ಬಾನೆಟ್ ಎತ್ತಿ ಹದಿನೈದು ನಿಮಿಷ ನಿಂತೆ. ಫ್ಯಾನ್ ಅಲುಗಲಿಲ್ಲ. ಚಿಕ್ಕಮಗಳೂರಿನಲ್ಲಿ ಪರಿಚಯದವರು ತೋರಿಸಿದ ಒಬ್ಬ ಮೆಕ್ಯಾನಿಕ್‌ಗೆ ಹಿರಿಯರು ಬರೆದ ಅನುಕ್ರಮವನ್ನೇ ಓದಿ ಹೇಳಿದೆ. ಫ್ಯೂಸ್ ಸರಿಯಿತ್ತು, ರಿಲೇ ಸರಿಯಿತ್ತು. ಫ್ಯಾನಿಗೆ ಬ್ಯಾಟರಿಯಿಂದ ನೇರವಾಗಿ ವೈರು ಕೊಟ್ಟರೆ ಗಿರ್ರನೆ ತಿರುಗಿತು. ಕೊನೆಗೆ ರೇಡಿಯೇಟರಿನ ಬದಿಯಲ್ಲಿ ಕೈ ತೂರಿಸಿ ಕನೆಕ್ಟರಿನ ಹಿಂದಿನ ವೈರುಗಳ ಕಟ್ಟನ್ನು ಹೊರಕ್ಕೆ ಎಳೆದಾಗ, ಅದರ ಕಪ್ಪು ಹೊದಿಕೆ ಬೆರಳಷ್ಟು ಉದ್ದಕ್ಕೆ ಮಾಯವಾಗಿ, ಒಳಗಿನ ತಾಮ್ರದ ಎಳೆಗಳು ಗರಗಸ ಹಾಕಿದಂತೆ ತುಂಡಾಗಿದ್ದವು. ಅದರ ಕೆಳಗೆ, ಬ್ಯಾಟರಿಯ ತಟ್ಟೆಯ ಪಕ್ಕದ ಸಂದಿಯಲ್ಲಿ, ಒಂದು ಬೊಗಸೆಯಷ್ಟು ಕಾಫಿ ಸಿಪ್ಪೆ, ಹುಲ್ಲು, ಮತ್ತು ನನ್ನದೇ ಶಾಲೆಯ ಉತ್ತರಪತ್ರಿಕೆಯ ಚೂರುಗಳು. ಕಾರು ನಿಲ್ಲಿಸುವ ಶೆಡ್ಡಿನ ಪಕ್ಕದಲ್ಲಿಯೇ ನಮ್ಮ ಕಾಫಿ ಕಣ ಇದೆ. ಕುಯ್ಲಿನ ಕಾಲಕ್ಕೆ ಇಲಿಗಳು ಅಲ್ಲಿಂದ ಇಲ್ಲಿಗೆ ಮನೆ ಬದಲಿಸಿದ್ದವು.

ನೀಲಿ ದ್ರವದ ಪರೀಕ್ಷೆಯನ್ನೂ ಮಾಡಿಸಿದೆ, ದ್ರವ ನೀಲಿಯಾಗಿಯೇ ಉಳಿಯಿತು. ಡಿಪ್‌ಸ್ಟಿಕ್ಕಿನಲ್ಲಿ ಕಪ್ಪು ಕಾಫಿ. ರೇಡಿಯೇಟರಿನ ಮುಚ್ಚಳದ ರಬ್ಬರು ಮಾತ್ರ ಉಗುರಿನಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ವೈರು ಜೋಡಣೆ, ಹೊಸ ಮುಚ್ಚಳ, ಹೊಸ ಕೂಲೆಂಟ್, ಕೂಲಿ ಎಲ್ಲ ಸೇರಿ 2,950 ರೂಪಾಯಿ, ಪರೀಕ್ಷೆಗೆ 500. ಎ.ಸಿ.ಗೆ ಗ್ಯಾಸ್ ಬೇಕಾಗಲಿಲ್ಲ. ಬ್ಯಾಟರಿ ಬೆಳಿಗ್ಗೆ 12.5 ವೋಲ್ಟ್ ತೋರಿಸಿತು. ಟರ್ಮಿನಲ್ಲಿನ ಬಿಳಿ ಹಿಟ್ಟನ್ನು ಬಿಸಿನೀರಿನಲ್ಲಿ ತೊಳೆದದ್ದೇ ಅದಕ್ಕೆ ಆದ ಚಿಕಿತ್ಸೆ.

ಆದರೆ ಸರ್ವಿಸ್ ಸೆಂಟರಿನವರ ಎಲ್ಲ ಮಾತೂ ಸುಳ್ಳಾಗಿರಲಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎಡಬದಿಯ ಲೋವರ್ ಆರ್ಮಿನ ಬುಷ್ ನಿಜವಾಗಿಯೂ ಹರಿದಿತ್ತು, ಬಲಬದಿಯದು ಗಟ್ಟಿಯಾಗಿತ್ತು. ಎಡಬದಿಗೆ ಮಾತ್ರ 2,100 ಆಯಿತು. ಮಾಚಗೊಂಡನಹಳ್ಳಿಯ ದಾರಿಯಲ್ಲಿ ಕ್ಲಚ್ ಪರೀಕ್ಷೆ ಮಾಡಿದಾಗ ಎಂಜಿನ್ ಕಿರುಚಿತು, ಕಾರು ಮುಂದಕ್ಕೆ ಹೋಗಲು ಯೋಚಿಸಿತು. ಮೂರೂ ಭಾಗಗಳನ್ನು ಹಾಕಿಸಿದೆ, 9,400. ಬ್ರೇಕ್ ಆಯಿಲ್ ಹೊರತೆಗೆದಾಗ ಕಷಾಯದ ಬಣ್ಣಕ್ಕೆ ತಿರುಗಿತ್ತು, ಅದಕ್ಕೆ 850. ಒಟ್ಟಿನಲ್ಲಿ 15,800 ಖರ್ಚಾಗಿದೆ. ಕಳೆದ ಭಾನುವಾರ ಕೈಮರದಿಂದ ಸೀತಾಳಯ್ಯನಗಿರಿಯವರೆಗೆ ಪ್ರವಾಸಿಗರ ವಾಹನಗಳ ಸಾಲಿನಲ್ಲಿ ಬೇಕೆಂದೇ ನಿಧಾನವಾಗಿ ಹತ್ತಿಸಿದೆ, ಮುಳ್ಳು ನಡುಮಟ್ಟ ದಾಟಲಿಲ್ಲ.

ಈಗ ಉಳಿದಿರುವ ಪ್ರಶ್ನೆ ಒಂದೇ, ಈ ಇಲಿಗಳನ್ನು ದೂರವಿಡುವುದು ಹೇಗೆ?

ಹಳೇಸ್ಪ್ಯಾನರ್_ಹಾಸನ ಉತ್ತರಿಸಿದ್ದಾರೆ:

ಮೇಷ್ಟ್ರೇ, ಸಂತೋಷವಾಯಿತು. ಅಂಗಡಿಯಲ್ಲಿ ಸಿಗುವ ಸಿಂಪಡಣೆಗಳ ಮೇಲೆ ನನಗೆ ಹೆಚ್ಚಿನ ನಂಬಿಕೆ ಇಲ್ಲ. ನಮ್ಮ ಅರಕಲಗೂಡಿನ ಕಡೆಯವರು ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುತ್ತಾರೆ. ಎರಡು ವಾರ ಅದರ ಘಾಟಿಗೆ ಇಲಿ ಬರುವುದಿಲ್ಲ, ಮೂರನೆಯ ವಾರ ಅದರ ಮೇಲೆಯೇ ಮಲಗುತ್ತದೆ. ಇಲಿಗೆ ಬೇಕಾಗಿರುವುದು ಬೆಚ್ಚಗಿನ, ಕತ್ತಲೆಯ, ಯಾರೂ ಅಲುಗಿಸದ ಜಾಗ. ಆದ್ದರಿಂದ ಕಣದ ಕೆಲಸ ಮುಗಿಯುವವರೆಗೆ ಕಾರನ್ನು ಶೆಡ್ಡಿನಿಂದ ಹೊರಗೆ ನಿಲ್ಲಿಸಿ, ರಾತ್ರಿ ಬಾನೆಟ್ಟನ್ನು ಎತ್ತಿಯೇ ಬಿಡಿ. ಜೋಡಿಸಿದ ವೈರಿನ ಮೇಲೆ ಸುರುಳಿಯಾಕಾರದ ಗಟ್ಟಿ ಪ್ಲಾಸ್ಟಿಕ್ ಕೊಳವೆ ಹಾಕಿಸಿ, ಮೀಟರಿಗೆ ಹೆಚ್ಚೆಂದರೆ ಮೂವತ್ತು, ನಲವತ್ತು ರೂಪಾಯಿ. ವಾರಕ್ಕೊಮ್ಮೆ ಬ್ಯಾಟರಿ ತಟ್ಟೆಯ ಪಕ್ಕ ಟಾರ್ಚ್ ಬಿಟ್ಟು ನೋಡಿ. ಮತ್ತು ಉತ್ತರಪತ್ರಿಕೆಗಳನ್ನು ಮನೆಯೊಳಗೆ ಇಡಿ.